ಗದ್ದೆಯಿಂದ ಬಟ್ಟಲಿಗೆ ಎಷ್ಟು ದೂರ?



ಕೃಷಿ ಮತ್ತು ಪೌಷ್ಟಿಕತೆ ಎಂದ ಕೂಡಲೇ ಎರಡು ಬೇರೆ ಬೇರೆ ಕಚೇರಿಗಳು ಕಣ್ಣ ಮುಂದೆ ಬರುತ್ತವೆ. ಬೆಳೆಯುವ ಲೆಕ್ಕ ಕೃಷಿ ಇಲಾಖೆಯದು. ಉಣ್ಣುವ ಲೆಕ್ಕ ಆರೋಗ್ಯ ಇಲಾಖೆಯದು, ಮಕ್ಕಳ ಊಟವಾದರೆ ಅಂಗನವಾಡಿಯದು ಅಥವಾ ಶಾಲೆಯದು. ಒಂದು ಕಡೆ ಕ್ವಿಂಟಾಲು, ಹೆಕ್ಟೇರು. ಇನ್ನೊಂದು ಕಡೆ ರಕ್ತಹೀನತೆ, ಮಗುವಿನ ತೂಕ. ಇವೆರಡರ ನಡುವೆ ಒಂದು ದಾರಿ ಇದೆ. ಬೆಳೆದ ಧಾನ್ಯ ಮಿಲ್ಲು, ಮಂಡಿ, ಅಂಗಡಿ, ಅಡುಗೆ ಮನೆಗಳನ್ನು ದಾಟಿ ಊಟದ ಬಟ್ಟಲಿಗೆ ಬರುವ ದಾರಿ ಅದು. ಬೆಳೆ ಹೆಚ್ಚಿದರೆ ಸಾಕು, ಊಟ ತಾನಾಗಿಯೇ ಸುಧಾರಿಸುತ್ತದೆ ಎಂಬ ನಂಬಿಕೆ ಜಗತ್ತಿನಲ್ಲಿ ಬಹಳ ಕಾಲ ಇತ್ತು. ಆ ನಂಬಿಕೆ ಎಷ್ಟು ನಿಜ ಎಂದು ನೋಡಲು ದೂರದ ದೇಶಕ್ಕೆ ಹೋಗಬೇಕಾಗಿಲ್ಲ. ಮಂಗಳೂರು ಮತ್ತು ಅದರ ಸುತ್ತಲಿನ ಜಿಲ್ಲೆಯ ಕಥೆಯೇ ಸಾಕು.

1801ರ ಆರಂಭದಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಈಸ್ಟ್ ಇಂಡಿಯಾ ಕಂಪೆನಿಯ ಪರವಾಗಿ ಈ ಕರಾವಳಿಯಲ್ಲಿ ಸಂಚರಿಸಿದ. ಊರೂರಿನ ಬೆಳೆ, ಗೇಣಿ, ವ್ಯಾಪಾರಗಳ ವಿವರಗಳನ್ನು ಬರೆದುಕೊಂಡ. 1807ರಲ್ಲಿ ಅಚ್ಚಾದ ಆತನ ಪ್ರವಾಸ ಗ್ರಂಥದ ಪ್ರಕಾರ ಮಂಗಳೂರು ಬಂದರಿನಿಂದ ಹೊರಹೋಗುತ್ತಿದ್ದ ಮುಖ್ಯ ಸರಕು ಅಕ್ಕಿ. ಅದು ಗೋವೆಗೆ, ಮಲಬಾರಿಗೆ, ಮುಂಬಯಿಗೆ, ಅರಬೀ ಸಮುದ್ರದ ಆಚೆಯ ಮಸ್ಕತ್ತಿಗೆ ಹೋಗುತ್ತಿತ್ತು. ಅದಕ್ಕೂ ಮೊದಲು ಪೋರ್ಚುಗೀಸರ ಗೋವೆ ಮಂಗಳೂರು ಮತ್ತು ಬಸರೂರಿನ ಅಕ್ಕಿಯನ್ನೇ ನೆಚ್ಚಿಕೊಂಡಿತ್ತು. ಹೀಗೆ ಶತಮಾನಗಳ ಕಾಲ ಪರವೂರಿಗೆ ಅನ್ನ ಕೊಟ್ಟ ಈ ನೆಲಕ್ಕೆ ಇಂದು ಘಟ್ಟದ ಮೇಲಿನಿಂದಲೂ ಹೊರರಾಜ್ಯಗಳಿಂದಲೂ ಲಾರಿಗಳಲ್ಲಿ ಅಕ್ಕಿ ಬರುತ್ತಿದೆ.

ಆಟಿಯ ಹಸಿವು

ಅಕ್ಕಿ ಹಡಗು ತುಂಬುತ್ತಿದ್ದ ಆ ಕಾಲದಲ್ಲಿ ಬೆಳೆದವರೆಲ್ಲ ಹೊಟ್ಟೆ ತುಂಬ ಉಂಡರೇ? ತುಳುನಾಡಿನ ಪಂಚಾಂಗವೇ ಇದಕ್ಕೆ ಉತ್ತರ ಹೇಳುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತಿಂಗಳು ಆಟಿ. ಹಿಂದಿನ ಬೆಳೆಯ ಅಕ್ಕಿ ಮುಗಿಯುತ್ತ ಬಂದಿರುತ್ತದೆ, ಏಣೆಲು ಬೆಳೆ ಇನ್ನೂ ಗದ್ದೆಯಲ್ಲಿ ಹಸಿರಾಗಿಯೇ ಇರುತ್ತದೆ. ಎಡೆಬಿಡದ ಮಳೆ, ಕೂಲಿ ಇಲ್ಲ, ಕಡಲಿಗಿಳಿಯುವ ಹಾಗಿಲ್ಲ. ಕೆಸುವಿನ ಎಲೆ, ತಜಂಕಿನ ಸೊಪ್ಪು, ಕಣಿಲೆ, ಮಣ್ಣು ಮೆತ್ತಿ ಕಾದಿರಿಸಿದ ಹಲಸಿನ ಬೀಜ, ಗದ್ದೆಯ ಏಡಿ, ಮೊದಲ ಮಳೆಗೆ ತೋಡಿನಿಂದ ಗದ್ದೆಗೆ ಏರಿ ಬಂದ ಮೀನು ಇವೇ ಆಗ ಮನೆಯನ್ನು ಕಾಯುತ್ತಿದ್ದವು. ಮನೆಮನೆಗೆ ಬರುವ ಆಟಿ ಕಳೆಂಜ ರೋಗರುಜಿನ ಓಡಿಸುತ್ತಾನೆ ಎಂಬ ನಂಬಿಕೆ, ಆಟಿ ಅಮಾವಾಸ್ಯೆಯ ದಿನ ಕುಡಿಯುವ ಹಾಲೆ ಮರದ ತೊಗಟೆಯ ಕಷಾಯ ಇವೆಲ್ಲ ಹಸಿವು ಮತ್ತು ಕಾಯಿಲೆ ಒಟ್ಟಿಗೆ ಬರುತ್ತಿದ್ದ ಆ ದಿನಗಳ ನೆನಪುಗಳು. ಇಂದು ಸಭಾಂಗಣಗಳಲ್ಲಿ ‘ಆಟಿಡೊಂಜಿ ದಿನ’ ನಡೆಯುವಾಗ ಪತ್ರೊಡೆ, ತಜಂಕಿನ ವಡೆಗಳನ್ನು ವಿಶೇಷ ತಿನಿಸೆಂದು ಬಡಿಸುವುದುಂಟು. ಒಂದು ಕಾಲದಲ್ಲಿ ಅಕ್ಕಿ ಇಲ್ಲದ ಮನೆಯ ದಿನದೂಟದಲ್ಲಿ ಅದೇ ಸೊಪ್ಪು, ಅದೇ ಎಲೆ ಇರುತ್ತಿದ್ದವು.

ಹಸಿವಿಗೆ ಮಳೆಯೊಂದೇ ಕಾರಣವಾಗಿರಲಿಲ್ಲ. ಗದ್ದೆ ಉಳುವವನದಾಗಿರಲಿಲ್ಲ. ಚಾಲಗೇಣಿ, ಮೂಲಗೇಣಿ ಎಂಬ ಪದ್ಧತಿಗಳ ಪ್ರಕಾರ ಒಕ್ಕಲು ಬೆಳೆದ ಅಕ್ಕಿಯಲ್ಲಿ ದೊಡ್ಡ ಪಾಲು ಬೈಹುಲ್ಲಿನ ಮುಡಿಯಾಗಿ ಕಟ್ಟಿಸಿಕೊಂಡು ಧಣಿಯ ಮನೆಗೆ ಹೋಗುತ್ತಿತ್ತು. ಒಳ್ಳೆಯ ಬೆಳೆ ಬಂದ ವರ್ಷವೂ ಗೇಣಿ ಅಳೆದ ಮೇಲೆ ಉಳಿಯುವ ಅಕ್ಕಿ ಆಟಿಯವರೆಗೆ ಬರುತ್ತದೆಂಬ ಭರವಸೆ ಇರಲಿಲ್ಲ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಕರ್ನಾಟಕ ಭೂಸುಧಾರಣಾ ತಿದ್ದುಪಡಿ ಕಾಯಿದೆ ಈ ವ್ಯವಸ್ಥೆಯನ್ನು ಮುರಿಯಿತು. ದೇವರಾಜ ಅರಸು ಅವರ ಸರಕಾರ ತಂದ ಈ ಕಾಯಿದೆಯಿಂದ ರಾಜ್ಯದಲ್ಲೇ ಹೆಚ್ಚು ಪ್ರಯೋಜನ ಪಡೆದ ಜಿಲ್ಲೆಗಳಲ್ಲಿ ದಕ್ಷಿಣ ಕನ್ನಡವೂ ಒಂದು. ಇದನ್ನು ಸಾಮಾನ್ಯವಾಗಿ ಸಾಮಾಜಿಕ ನ್ಯಾಯದ ವಿಷಯವಾಗಿ ನೋಡಲಾಗುತ್ತದೆ. ಅದು ಊಟದ ವಿಷಯವೂ ಹೌದು. ಗದ್ದೆಯ ಬೆಳೆ ಬೆಳೆದವನ ಅಟ್ಟಕ್ಕೆ ಏರಿತು.

ಕುಚ್ಚಿದ ಅಕ್ಕಿಯ ಗುಟ್ಟು

ಅಕ್ಕಿ ಮನೆಗೆ ಬಂದರೂ ಯಾವ ಅಕ್ಕಿ ಎಂಬ ಪ್ರಶ್ನೆ ಉಳಿಯುತ್ತದೆ. ಕರಾವಳಿಯಲ್ಲಿ ಅಕ್ಕಿ ಎರಡು ಬಗೆ. ಬೆಳ್ತಿಗೆ ಅಕ್ಕಿ ದೋಸೆಗೆ, ಕಡುಬಿಗೆ. ಊಟಕ್ಕೆ, ಗಂಜಿಗೆ ಕುಚ್ಚಲಕ್ಕಿ. ಕುಚ್ಚುವುದೆಂದರೆ ಬೇಯಿಸುವುದು. ಬತ್ತವನ್ನು ನೀರಿನಲ್ಲಿ ನೆನೆಸಿ, ಹಂಡೆಯಲ್ಲಿ ಬೇಯಿಸಿ, ಅಂಗಳದ ಬಿಸಿಲಿನಲ್ಲಿ ಒಣಗಿಸಿ, ಆಮೇಲೆ ಕುಟ್ಟಿದರೆ ಅಥವಾ ಮಿಲ್ಲಿಗೆ ಹಾಕಿದರೆ ಅದು ಕುಚ್ಚಲಕ್ಕಿ. ಕಾಳು ಗಟ್ಟಿಯಾಗುತ್ತದೆ, ನುಚ್ಚು ಕಡಿಮೆಯಾಗುತ್ತದೆ, ಅಕ್ಕಿ ಹೆಚ್ಚು ಕಾಲ ಬಾಳುತ್ತದೆ ಎಂಬುದು ಹಿರಿಯರಿಗೆ ಗೊತ್ತಿದ್ದ ಲಾಭ. ಅವರಿಗೆ ಗೊತ್ತಿರದ ಇನ್ನೊಂದು ಲಾಭವೂ ಇತ್ತು. ಅದನ್ನು ಕಂಡುಹಿಡಿಯಲು ವಿಜ್ಞಾನಿಗಳಿಗೆ ಹಲವು ದಶಕಗಳು ಬೇಕಾದವು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಕ್ಕಿ ಉಣ್ಣುವ ಏಷ್ಯಾದ ನಾಡುಗಳಲ್ಲಿ ಬೆರಿಬೆರಿ ಎಂಬ ರೋಗ ಹೆಚ್ಚಿತು. ಕಾಲುಗಳ ಬಲ ಕುಂದುತ್ತಿತ್ತು, ಮೈ ಊದಿಕೊಳ್ಳುತ್ತಿತ್ತು, ಹೃದಯ ಸೋತು ಜನ ಸಾಯುತ್ತಿದ್ದರು. ಉಗಿಯಂತ್ರದ ಮಿಲ್ಲುಗಳು ಬಂದು ಅಕ್ಕಿ ಬೆಳ್ಳಗಾದಂತೆ ರೋಗವೂ ಬೆಳೆಯಿತು. ಜಾವಾದಲ್ಲಿ ಡಚ್ ವೈದ್ಯ ಕ್ರಿಶ್ಚಿಯಾನ್ ಐಕ್ಮನ್ 1890ರ ದಶಕದಲ್ಲಿ ಒಂದು ವಿಚಿತ್ರವನ್ನು ಗಮನಿಸಿದ. ಆಸ್ಪತ್ರೆಯ ಬಿಳಿ ಅನ್ನ ತಿಂದ ಕೋಳಿಗಳ ಕಾಲು ಬಿದ್ದುಹೋಗುತ್ತಿತ್ತು. ತವುಡು ತೆಗೆಯದ ಅಕ್ಕಿ ಹಾಕಿದರೆ ಅವೇ ಕೋಳಿಗಳು ಚೇತರಿಸಿಕೊಳ್ಳುತ್ತಿದ್ದವು. ತವುಡಿನಲ್ಲಿ ಜೀವಕ್ಕೆ ಬೇಕಾದ ಏನೋ ಇದೆ ಎಂಬ ಈ ಸುಳಿವೇ ಮುಂದೆ ಬಿ1 ಜೀವಸತ್ವದ, ಅಂದರೆ ಥಯಾಮಿನ್‌ನ ಶೋಧಕ್ಕೆ ದಾರಿಯಾಯಿತು. 1929ರಲ್ಲಿ ಐಕ್ಮನ್‌ಗೆ ನೊಬೆಲ್ ಪ್ರಶಸ್ತಿ ಬಂತು.

ದಕ್ಷಿಣ ಕನ್ನಡ 1956ರವರೆಗೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಅದೇ ಪ್ರಾಂತದ ನೀಲಗಿರಿ ಬೆಟ್ಟದ ಕೂನೂರಿನಲ್ಲಿ 1918ರಲ್ಲಿ ಬೆರಿಬೆರಿ ವಿಚಾರಣೆಗಾಗಿ ಒಂದು ಸಣ್ಣ ಪ್ರಯೋಗಾಲಯ ಆರಂಭವಾಯಿತು. ರಾಬರ್ಟ್ ಮೆಕ್ಯಾರಿಸನ್ ಅದನ್ನು ಕಟ್ಟಿದರು, 1935ರಲ್ಲಿ ಡಬ್ಲ್ಯು.ಆರ್. ಐಕ್ರಾಯ್ಡ್ ಅದರ ನಿರ್ದೇಶಕರಾದರು. ಇಂದು ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ಮೂಲ ಇದೇ. ಐಕ್ರಾಯ್ಡ್ ಮತ್ತು ಸಂಗಡಿಗರು ಮದರಾಸು ಪ್ರಾಂತದ ಅಕ್ಕಿಯ ಅಧ್ಯಯನ ನಡೆಸಿದಾಗ ಒಂದು ಭೇದ ಸ್ಪಷ್ಟವಾಯಿತು. ಮಿಲ್ಲಿನ ಬೆಳ್ತಿಗೆ ಅಕ್ಕಿ ಉಣ್ಣುತ್ತಿದ್ದ ಆಂಧ್ರ ಕರಾವಳಿಯ ಉತ್ತರ ಸರ್ಕಾರ್ ಜಿಲ್ಲೆಗಳಲ್ಲಿ ಬೆರಿಬೆರಿ ಬೇರೂರಿತ್ತು. ಕುಚ್ಚಲಕ್ಕಿ ಉಣ್ಣುತ್ತಿದ್ದ ಪ್ರದೇಶಗಳಲ್ಲಿ ಅದು ಇರಲಿಲ್ಲ.

ಕಾರಣ ಸರಳ. ಬತ್ತ ನೆನೆದು ಬೇಯುವಾಗ ತವುಡಿನಲ್ಲೂ ಕಾಳಿನ ಕಣ್ಣಿನಲ್ಲೂ ಇರುವ ಬಿ1, ನೀರಿನ ಜೊತೆ ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಉಜ್ಜಿದರೂ, ತೊಳೆದರೂ ಅಷ್ಟಾಗಿ ನಷ್ಟವಾಗುವುದಿಲ್ಲ. ಗಂಜಿಯನ್ನು ತೆಳಿ ಸಮೇತ ಕುಡಿದರೆ ನೀರಿಗೆ ಬಿಟ್ಟುಕೊಂಡದ್ದೂ ಹೊಟ್ಟೆಗೇ ಸೇರುತ್ತದೆ. ಎರಡೂ ಕಡೆ ಬೆಳೆದದ್ದು ಬತ್ತವೇ. ಒಂದೆಡೆ ರೋಗ ಬಂತು, ಇನ್ನೊಂದೆಡೆ ಬರಲಿಲ್ಲ. ವ್ಯತ್ಯಾಸ ಇದ್ದದ್ದು ಗದ್ದೆಯಲ್ಲಲ್ಲ, ಹಂಡೆಯಲ್ಲಿ. ಹಾಗೆಂದು ಕುಚ್ಚಲಕ್ಕಿ ಸರ್ವರೋಗ ನಿವಾರಕವಲ್ಲ. ಗಂಜಿ ಮತ್ತು ಉಪ್ಪಿನಕಾಯಿ ಮಾತ್ರ ಉಣ್ಣುವ ಮನೆಯಲ್ಲಿ ಕಬ್ಬಿಣ, ಸಸಾರಜನಕ, ಎ ಜೀವಸತ್ವಗಳ ಕೊರತೆ ಇದ್ದೇ ಇರುತ್ತದೆ. ಅದಕ್ಕೆ ಬೇಳೆ, ಸೊಪ್ಪು, ಮೀನು, ಮೊಟ್ಟೆ, ಹಾಲು ಬೇಕು.

ಜಿನೀವಾದಲ್ಲಿ ಕೇಳಿದ ಮಾತು

ಇದೇ ಕಾಲಕ್ಕೆ ಈ ವಿಚಾರ ಜಗತ್ತಿನ ವೇದಿಕೆಗೂ ಏರಿತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಒಂದು ಕಡೆ ಧಾನ್ಯ ಕೊಳ್ಳುವವರಿಲ್ಲದೆ ರೈತ ಹಾಳಾಗುತ್ತಿದ್ದ, ಇನ್ನೊಂದು ಕಡೆ ಜನ ಅರೆಹೊಟ್ಟೆಯಲ್ಲಿದ್ದರು. 1935ರಲ್ಲಿ ಜಿನೀವಾದ ರಾಷ್ಟ್ರಸಂಘದ ಸಭೆಯಲ್ಲಿ ಆಸ್ಟ್ರೇಲಿಯದ ಸ್ಟ್ಯಾನ್ಲಿ ಬ್ರೂಸ್, ಆರೋಗ್ಯಕ್ಕೂ ಕೃಷಿಗೂ ಮದುವೆಯಾಗಬೇಕು ಎಂಬರ್ಥದ ಮಾತನ್ನಾಡಿದರು. ಅದೇ ವರ್ಷ ಪೌಷ್ಟಿಕತೆಯ ಬಗ್ಗೆ ರಾಷ್ಟ್ರಸಂಘಕ್ಕೆ ವರದಿ ಕೊಟ್ಟ ಇಬ್ಬರಲ್ಲಿ ಒಬ್ಬರು ಐಕ್ರಾಯ್ಡ್. ಆ ಬಳಿಕವೇ ಅವರು ಕೂನೂರಿಗೆ ಬಂದದ್ದು. 1945ರ ಅಕ್ಟೋಬರ್ 16ರಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹುಟ್ಟಿದಾಗ ಅದರ ಪೌಷ್ಟಿಕತಾ ವಿಭಾಗದ ಮೊದಲ ನಿರ್ದೇಶಕರಾದವರೂ ಅವರೇ. ಕುಚ್ಚಲಕ್ಕಿ ಉಣ್ಣುವ ಪ್ರಾಂತದಲ್ಲಿ ಕಲಿತ ಪಾಠ ಹೀಗೆ ಅಂತಾರಾಷ್ಟ್ರೀಯ ಸಂಸ್ಥೆಯೊಳಕ್ಕೂ ಹೋಯಿತು.

ಆದರೆ ಮದುವೆಯಾದ ಮೇಲೂ ಎರಡು ಮನೆಗಳು ಬೇರೆಯಾಗಿಯೇ ಉಳಿದವು. ಎರಡನೆಯ ಮಹಾಯುದ್ಧದ ನಂತರ ಕ್ಷಾಮದ ಭಯ ದೊಡ್ಡದಾಗಿತ್ತು. ಹೆಚ್ಚು ಇಳುವರಿ, ಹೆಚ್ಚು ಧಾನ್ಯ ಎಂಬುದೇ ಗುರಿಯಾಯಿತು. 1966ರಲ್ಲಿ ಫಿಲಿಪ್ಪೀನ್ಸ್‌ನಿಂದ ಐ.ಆರ್.8 ಬಂತು, 1968ರಲ್ಲಿ ಭಾರತದ್ದೇ ಆದ ಜಯ ಬಂತು. ಹಸಿರು ಕ್ರಾಂತಿ ದೇಶವನ್ನು ಹಡಗಿನ ಗೋಧಿಯ ಅವಲಂಬನೆಯಿಂದ ಬಿಡಿಸಿತು. ಆ ಉಪಕಾರ ಸಣ್ಣದಲ್ಲ. ಆದರೆ ಗೋದಾಮು ತುಂಬಿದ ಮೇಲೂ ಕೊರತೆ ನೀಗಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅಕ್ಕಿಯ ಲೆಕ್ಕದಲ್ಲಿ ಕಾಣದ ಹಸಿವು ಇದು.

ಗದ್ದೆ ತೋಟವಾದಾಗ

ಮತ್ತೆ ಜಿಲ್ಲೆಗೆ ಬರೋಣ. ತುಳುನಾಡಿನ ಗದ್ದೆಗಳಲ್ಲಿ ಬೈಲು, ಮಜಲು, ಬೆಟ್ಟು ಎಂಬ ಮೂರು ತರಗತಿ. ನೀರಿನ ಅನುಕೂಲ ನೋಡಿ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆ, ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಒಂದು. ಬತ್ತ ಕೊಯ್ದ ಮೇಲೆ ಮಣ್ಣಿನಲ್ಲಿ ಉಳಿದ ತೇವದಲ್ಲೇ ಉದ್ದು, ಹೆಸರು, ಹುರುಳಿ, ಅಲಸಂದೆ ಬರುತ್ತಿದ್ದವು. ಬೇಸಿಗೆಗೆ ಸೌತೆ, ಹರಿವೆ, ಕುಂಬಳ. ಬೈಹುಲ್ಲು ಹಟ್ಟಿಗೆ, ಹಟ್ಟಿಯ ಗೊಬ್ಬರ ಗದ್ದೆಗೆ, ಹಾಲು ಮನೆಗೆ. ಅಂದರೆ ಒಂದು ಗದ್ದೆ ಕೊಡುತ್ತಿದ್ದದ್ದು ಅಕ್ಕಿಯನ್ನು ಮಾತ್ರವಲ್ಲ. ಬೇಳೆ, ತರಕಾರಿ, ಹಾಲುಗಳ ಒಂದು ಸರಪಳಿಯನ್ನೇ ಕೊಡುತ್ತಿತ್ತು.

ಈ ಸರಪಳಿ ಕಡಿದದ್ದಕ್ಕೆ ರೈತನನ್ನು ದೂರಿ ಫಲವಿಲ್ಲ. ನೇಜಿ ನೆಡುವ ಕೈಗಳು ಬೀಡಿ ಕಟ್ಟಲು ಕುಳಿತವು, ಮುಂಬಯಿಗೆ, ಕೊಲ್ಲಿ ದೇಶಗಳಿಗೆ ಹೋದವು. ಬತ್ತದ ಬೆಲೆ ಕೂಲಿಯ ಹಿಂದೆ ಓಡಲಾರದೆ ಸೋತಿತು. ಅಡಿಕೆ ಹಾಗಲ್ಲ. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಹುಟ್ಟಿದ ಮೇಲೆ ಬೆಳೆಗಾರನಿಗೆ ಮಾರುಕಟ್ಟೆಯ ಆಸರೆಯೂ ಸಿಕ್ಕಿತು. ಸಣ್ಣ ಹಿಡುವಳಿದಾರ ಮನೆ ಕಟ್ಟಿದ್ದು, ಮಕ್ಕಳನ್ನು ಓದಿಸಿದ್ದು ಅಡಿಕೆಯ ದುಡ್ಡಿನಿಂದ. ಹಾಗಾಗಿ ಗದ್ದೆಗೆ ಮಣ್ಣು ತುಂಬಿಸಿ ತೋಟ ಮಾಡಿದ. ತುಂಬಿಸಲಾಗದ ಕಡೆ ಗದ್ದೆ ಹಡಿಲು ಬಿತ್ತು.

ದುಡ್ಡು ಬಂದರೆ ಅಂಗಡಿಯಿಂದ ಎಲ್ಲವನ್ನೂ ತರಬಹುದಲ್ಲ ಎಂದು ಕೇಳಬಹುದು. ತರಬಹುದು, ತಂದದ್ದೂ ಇದೆ. ಆಟಿಯ ಹಸಿವು ಕರಗಿದ್ದರಲ್ಲಿ ತೋಟದ ಆದಾಯದ ಪಾಲು ದೊಡ್ಡದು. ಆದರೆ ಎರಡು ಮಾತು ನೆನಪಿಡಬೇಕು. ಒಂದು, ಗದ್ದೆಯಲ್ಲಿ ಬೆಳೆಯುತ್ತಿದ್ದ ಹೆಸರು ಮತ್ತು ಹುರುಳಿ ಮನೆಗೆ ತಾನಾಗಿ ಬರುತ್ತಿದ್ದವು. ಅಂಗಡಿಗೆ ಹೋದಾಗ ಚೀಲಕ್ಕೆ ಮೊದಲು ಬೀಳುವುದು ಅವೇ ಎಂದೇನೂ ಇಲ್ಲ. ಸಕ್ಕರೆ, ಮೈದಾ, ಬೇಕರಿ ತಿನಿಸುಗಳೂ ಅಲ್ಲಿಯೇ ಇರುತ್ತವೆ. ಎರಡು, ಅಡಿಕೆ ಊಟವಲ್ಲ. ಧಾರಣೆ ಬಿದ್ದ ವರ್ಷ ಅದನ್ನು ಬೇಯಿಸಿ ಉಣ್ಣಲಾಗದು. ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗ ತೋಟಗಳನ್ನು ನುಂಗಿದಾಗ ಕುಟುಂಬಗಳು ಕಂಡದ್ದು ಇದನ್ನೇ. ಒಂದೇ ಬೆಳೆ ನೆಚ್ಚಿದವರಿಗೆ ಆದಾಯವೂ ಇಲ್ಲ, ಹಿತ್ತಲ ಅಕ್ಕಿಯೂ ಇಲ್ಲ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದ ಮೇಲೆ ಬೆಳೆಗಾರರ ಆತಂಕ ಇನ್ನಷ್ಟು ಹೆಚ್ಚಿದೆ.

ಬೂತಾಯಿಯ ಲೆಕ್ಕ

ಗದ್ದೆಯ ಮಾತು ಕಡಲಿಗೂ ಅನ್ವಯಿಸುತ್ತದೆ. ಬಡವರ ಮನೆಯ ಸಾರಿಗೆ ಬೂತಾಯಿ, ಬಂಗುಡೆಗಳಷ್ಟು ಒದಗಿದ ಆಹಾರ ಬೇರೆ ಇಲ್ಲ. ಒಳ್ಳೆಯ ಸಸಾರಜನಕ, ಹೃದಯಕ್ಕೆ ಹಿತವಾದ ಒಮೆಗಾ-3 ಕೊಬ್ಬು, ಡಿ ಜೀವಸತ್ವ ಎಲ್ಲವೂ ಅವುಗಳಲ್ಲಿವೆ. ಮೆತ್ತಗಿನ ಮುಳ್ಳು ಸಮೇತ ತಿಂದರೆ ಸುಣ್ಣದ ಅಂಶವೂ ಸಿಗುತ್ತದೆ. ಆದರೆ ಬೂತಾಯಿ ಹೇರಳವಾಗಿ ಸಿಕ್ಕ ದಿನವೂ ಎಲ್ಲವೂ ಅಡುಗೆ ಮನೆಗೆ ಹೋಗುವುದಿಲ್ಲ. ಹಿಂದೆ ಒಣಗಿಸಿ ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. ಈಗ ಕರಾವಳಿಯ ಮೀನುಹುಡಿ ಮತ್ತು ಮೀನೆಣ್ಣೆ ಕಾರ್ಖಾನೆಗಳಿಗೆ ದೊಡ್ಡ ಪಾಲು ಹೋಗಿ ಸಿಗಡಿಗೆ, ಕೋಳಿಗೆ ಮೇವಾಗುತ್ತದೆ. ಈ ಮೀನಿನ ಸಂಪತ್ತು ಅಕ್ಷಯವೂ ಅಲ್ಲ. ನೆರೆಯ ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಸಮೀಪ ಸಿಕ್ಕ ಬೂತಾಯಿ 2021ರಲ್ಲಿ ಸುಮಾರು 3,300 ಟನ್ನಿಗೆ ಕುಸಿದಿತ್ತು.

ಸಣ್ಣ ಮೀನಿನ ಬೆಲೆಯನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಟ್ರಿನಿಡಾಡಿನಲ್ಲಿ ಹುಟ್ಟಿದ, ಭಾರತೀಯ ಮೂಲದ ಶಕುಂತಲಾ ಥಿಲ್‌ಸ್ಟೆಡ್ ಮುಖ್ಯರು. ಬಾಂಗ್ಲಾದೇಶದ ಕೆರೆಗಳಲ್ಲಿ ಕಸವೆಂದು ತೆಗೆದುಹಾಕುತ್ತಿದ್ದ ಮೋಲಾ ಎಂಬ ಪುಟ್ಟ ಮೀನಿನಲ್ಲಿ ಎ ಜೀವಸತ್ವ ಸಮೃದ್ಧವಾಗಿದೆ ಎಂದು ಅವರು ತೋರಿಸಿದರು. ದೊಡ್ಡ ಮೀನನ್ನು ಮಾರುಕಟ್ಟೆಗೂ ಸಣ್ಣ ಮೀನನ್ನು ಮನೆಯ ಊಟಕ್ಕೂ ಒಂದೇ ಕೆರೆಯಲ್ಲಿ ಬೆಳೆಸುವ ಕ್ರಮ ಅವರ ಕೆಲಸದಿಂದ ಹರಡಿತು. 2021ರ ವಿಶ್ವ ಆಹಾರ ಪ್ರಶಸ್ತಿ ಅವರಿಗೆ ಸಂದಿತು. ಆದಾಯ ಮತ್ತು ಊಟ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕುವುದು ಸಾಧ್ಯ ಎಂಬುದಕ್ಕೆ ಇದೊಂದು ಉದಾಹರಣೆ.

ಪಡಿತರದ ಚೀಲ

ದಾರಿಯ ಕೊನೆಯ ತಿರುವು ಸರಕಾರದ ಕೈಯಲ್ಲಿದೆ. 2013ರ ಅನ್ನಭಾಗ್ಯ ಯೋಜನೆ ಬಡವರ ಮನೆಗೆ ಅಕ್ಕಿ ತಲಪಿಸಿತು. ಹಳೆ ಮೈಸೂರಿನ ಕಡೆ ಸರಕಾರ ಸ್ಥಳೀಯ ರೈತರಿಂದ ರಾಗಿ ಕೊಂಡು ಪಡಿತರದಲ್ಲಿ ಕೊಡುತ್ತದೆ. ಉಣ್ಣುವ ಧಾನ್ಯವೂ ಬೆಳೆಯುವ ಧಾನ್ಯವೂ ಅಲ್ಲಿ ಒಂದೇ. ಕರಾವಳಿಯಲ್ಲಿ ಹಾಗಾಗಲಿಲ್ಲ. ಕುಚ್ಚಲಕ್ಕಿ ಉಣ್ಣುವ ಜನರಿಗೆ ಬಿಳಿ ಅಕ್ಕಿ ಬಂತು. ಅದು ದೋಸೆಗೆ ಆದೀತು, ಗಂಜಿಗೆ ಆಗದು. ಊರಿನ ಕೆಂಪು ಕುಚ್ಚಲಕ್ಕಿಯನ್ನೇ ಕೊಡಿ ಎಂಬ ಬೇಡಿಕೆ ಎದ್ದು, 2021ರಲ್ಲಿ ಎಂ.ಒ.4, ಜಯ, ಜ್ಯೋತಿ ಮುಂತಾದ ತಳಿಗಳ ಬತ್ತವನ್ನು ಬೆಂಬಲ ಬೆಲೆಗಿಂತ ಹೆಚ್ಚು ಕೊಟ್ಟು ಕೊಳ್ಳುವ ಯೋಜನೆಯನ್ನು ರಾಜ್ಯ ಸರಕಾರ ಪ್ರಕಟಿಸಿತು. ಆದರೆ ಕರಾವಳಿಯ ಮುಖ್ಯ ಕೊಯ್ಲು ಅಕ್ಟೋಬರ್-ನವೆಂಬರಿನಲ್ಲೇ ಮುಗಿಯುತ್ತದೆ. ಸಣ್ಣ ರೈತನಿಗೆ ಬತ್ತ ಕಾಪಿಡಲು ಜಾಗವಿಲ್ಲ. ಖರೀದಿ ಕೇಂದ್ರ ತಡವಾಗಿ ತೆರೆದರೆ, ಅಷ್ಟರಲ್ಲಿ ಬತ್ತ ಮಿಲ್ಲಿನವರ ಕೈ ಸೇರಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪಡಿತರಕ್ಕೆ ಸಾಕಾಗುವಷ್ಟು ಬತ್ತದ ಗದ್ದೆ ಈಗ ಉಳಿದಿಲ್ಲ.

ಇನ್ನೊಂದು ವಿಪರ್ಯಾಸವೂ ಇದೆ. 2024ರ ಹೊತ್ತಿಗೆ ದೇಶದ ಪಡಿತರ ಅಕ್ಕಿಗೆಲ್ಲ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿದ ಸಾರವರ್ಧಿತ ಕಾಳುಗಳನ್ನು ಬೆರೆಸುವ ವ್ಯವಸ್ಥೆ ಬಂದಿತ್ತು. ರಕ್ತಹೀನತೆಗೆ ಇದೊಂದು ಉಪಾಯ ಇರಬಹುದು. ಆದರೆ ಇದು ಮಿಲ್ಲಿನಲ್ಲಿ ತವುಡನ್ನು ಉಜ್ಜಿ ತೆಗೆದು, ಬಳಿಕ ಕಾರ್ಖಾನೆಯಿಂದ ಸತ್ವ ತಂದು ಸೇರಿಸುವ ದಾರಿ. ಇರುವ ಸತ್ವವನ್ನು ಕಳೆಯದಿರುವುದು, ಬತ್ತದ ಜೊತೆ ಬೇಳೆ ಬೆಳೆಸುವುದು ಇನ್ನೊಂದು ದಾರಿ. ಮೊದಲನೆಯದಕ್ಕೆ ಸಿಕ್ಕಷ್ಟು ಗಮನ ಎರಡನೆಯದಕ್ಕೆ ಸಿಕ್ಕಿಲ್ಲ.

ಶಾಲೆಯ ಬಿಸಿಯೂಟ ಈ ಎರಡನೆಯ ದಾರಿಗೆ ಒಳ್ಳೆಯ ಬಾಗಿಲು. ಕರ್ನಾಟಕದಲ್ಲಿ 2002ರಲ್ಲಿ ಅಕ್ಷರ ದಾಸೋಹ ಆರಂಭವಾಯಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು, ಇತ್ತೀಚಿನ ವರ್ಷಗಳಲ್ಲಿ ಮೊಟ್ಟೆ ಸೇರಿದೆ. ಜಿಲ್ಲೆಯ ಹಲವು ಶಾಲೆಗಳ ಹಿತ್ತಲಲ್ಲಿ ಬಸಳೆ, ತೊಂಡೆ, ಬೆಂಡೆಯ ಕೈತೋಟಗಳಿವೆ. ಬ್ರೆಜಿಲ್ ದೇಶ 2009ರಲ್ಲಿ ಒಂದು ಕಾನೂನು ಮಾಡಿ, ಶಾಲಾ ಊಟಕ್ಕೆ ಕೇಂದ್ರ ಸರಕಾರ ಕೊಡುವ ಹಣದಲ್ಲಿ ಕನಿಷ್ಠ ಶೇ. 30ರಷ್ಟನ್ನು ಸಣ್ಣ ರೈತ ಕುಟುಂಬಗಳ ಉತ್ಪನ್ನ ಕೊಳ್ಳಲು ಬಳಸಬೇಕೆಂದು ವಿಧಿಸಿತು. ಮಗುವಿಗೆ ತಾಜಾ ಊಟ, ರೈತನಿಗೆ ಖಚಿತ ಗಿರಾಕಿ. ಬಂಟ್ವಾಳ, ಬೆಳ್ತಂಗಡಿ, ಪುತ್ತೂರಿನ ಶಾಲೆಗಳು ಊರಿನ ಕುಚ್ಚಲಕ್ಕಿ, ಊರಿನ ಅಲಸಂದೆ ಕೊಳ್ಳುವಂತಾದರೆ ಹಡಿಲು ಬಿದ್ದ ಗದ್ದೆಗೆ ಇಳಿಯಲು ರೈತನಿಗೆ ಒಂದು ಕಾರಣ ಸಿಕ್ಕೀತು.

ಮರಳಿ ಬರುವ ಮನಸ್ಸು ಇಲ್ಲವೆಂದಲ್ಲ. 2021ರಲ್ಲಿ ಉಡುಪಿಯ ಕೇದಾರೋತ್ಥಾನ ಟ್ರಸ್ಟ್ ಹಡಿಲು ಗದ್ದೆಗಳಲ್ಲಿ ಬೇಸಾಯ ಮಾಡಿಸಿ ಅದರ ಕುಚ್ಚಲಕ್ಕಿಯನ್ನು ಮಾರುಕಟ್ಟೆಗೆ ತಂದಿತು. ಕಾಸರಗೋಡಿನ ಕನ್ನಡಿಗ ರೈತ ಸತ್ಯನಾರಾಯಣ ಬೇಳೇರಿ ಅವರು 650ಕ್ಕೂ ಹೆಚ್ಚು ಬತ್ತದ ತಳಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬೀಜವೂ ಇದೆ, ಉಣ್ಣುವವರೂ ಇದ್ದಾರೆ. ಇವೆರಡರ ನಡುವೆ ಖರೀದಿ, ಗೋದಾಮು, ಮಿಲ್ಲು, ನ್ಯಾಯವಾದ ಬೆಲೆ ಇಷ್ಟು ಬೇಕಾಗಿದೆ.

ಕೃಷಿಯ ಯಾವುದೇ ಯೋಜನೆ ಬಂದಾಗ ಎಕರೆಗೆ ಎಷ್ಟು ಇಳುವರಿ, ಎಷ್ಟು ಲಾಭ ಎಂದು ಕೇಳುವ ರೂಢಿ ಇದೆ. ಅದರ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನು ಕೇಳಬೇಕು. ಇದರಿಂದ ಆಟಿ ತಿಂಗಳಿನಲ್ಲಿ ಯಾರ ಬಟ್ಟಲಿಗೆ ಏನು ಬರುತ್ತದೆ? ಇದರಿಂದ ಬಟ್ಟಲಿನಲ್ಲಿದ್ದ ಏನು ಹೋಗುತ್ತದೆ? ಗದ್ದೆಗೆ ಮಣ್ಣು ತುಂಬಿಸುವ ಮೊದಲೇ ಈ ಪ್ರಶ್ನೆ ಕೇಳುವುದು ಒಳ್ಳೆಯದು. ತುಂಬಿದ ಮಣ್ಣನ್ನು ಮತ್ತೆ ತೆಗೆಯುವವರು ಕಡಿಮೆ.